ಆಡುವವರ ಕೈ ನೋಡಿ ಕಲಿತದ್ದು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಟೇ ನದಿ ಅಗಲವಾಗಿ ಹರಡಿ ಸಮುದ್ರ ಸೇರುವ ಕಡೆ, ಡಂಡೀ ಎಂಬ ಊರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಬಂಗಾಳದ ಸೆಣಬು ಕಲ್ಕತ್ತೆಯಿಂದ ಹಡಗೇರಿ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿನ ಗಿರಣಿಗಳಲ್ಲಿ ನೂಲಾಗಿ, ಗೋಣಿಬಟ್ಟೆಯಾಗಿ ಲೋಕದ ಮೂಲೆಮೂಲೆಗೆ ಸಾಗುತ್ತಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಆ ಊರು ಕಂಡುಕೊಂಡ ಹೊಸ ಕಸುಬುಗಳಲ್ಲಿ ವಿಡಿಯೋ ಗೇಮೂ ಒಂದು. 2018ರ ಸೆಪ್ಟೆಂಬರಿನಲ್ಲಿ ನಾನು ಅಲ್ಲಿಗೆ ಹೋದದ್ದು ಆ ಕಸುಬು ಕಲಿಯಲಿಕ್ಕೆ, ಅಬರ್ಟೇ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಯಾಗಿ.

ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಬ್ಯಾಂಕುಗಳ ಆ್ಯಪ್‌ಗಳಲ್ಲಿ ಬಗ್ ಹುಡುಕುವುದು ದಿನನಿತ್ಯದ ದುಡಿಮೆ. ಸಂಬಳ ಚೆನ್ನಾಗಿತ್ತು, ಕಚೇರಿಯಲ್ಲಿ ಕಿರಿಕಿರಿಯೂ ಇರಲಿಲ್ಲ. ಆದರೆ ಚಿಕ್ಕಂದಿನಿಂದ ತಲೆಯಲ್ಲಿ ಕೂತಿದ್ದ ಪ್ರಶ್ನೆ ಬೇರೆಯೇ ಇತ್ತು: ಒಂದು ಆಟ ಯಾಕೆ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ? ಇನ್ನೊಂದು ಯಾಕೆ ಎರಡೇ ನಿಮಿಷಕ್ಕೆ ಬೇಸರ ಬರಿಸುತ್ತದೆ? ಪುತ್ತೂರಿನ ಮನೆಯಲ್ಲಿ ವಿಷಯ ತೆಗೆದಾಗ ಅಪ್ಪ ಅಡಿಕೆ ಆಯುತ್ತಿದ್ದರು. "ಆಡ್ಲಿಕ್ಕೆ ಕಲಿಸುವ ಕಾಲೇಜು ಸಹ ಉಂಟಾ?" ಎಂದರು. "ಆಡ್ಲಿಕ್ಕಲ್ಲ ಅಪ್ಪ, ಆಟ ಮಾಡ್ಲಿಕ್ಕೆ" ಎಂದೆ. ಕೈಯಲ್ಲಿದ್ದ ಅಡಿಕೆಯನ್ನು ರಾಶಿಗೆ ಹಾಕಿ, "ಮಾಡಿದ್ದನ್ನು ತಕೊಳ್ಳುವವರು ಯಾರು, ಅದು ಗೊತ್ತುಂಟಾ?" ಎಂದು ಕೇಳಿದರು. ಜೀವನವಿಡೀ ವ್ಯಾಪಾರ ಮಾಡಿದವರ ಪ್ರಶ್ನೆ ಅದು. ನನ್ನಲ್ಲಿ ಆಗ ಉತ್ತರವಿರಲಿಲ್ಲ.

ಡಂಡೀಗೂ ಗೇಮಿಗೂ ಗಂಟು ಬಿದ್ದ ಕತೆಯನ್ನು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಆ ಊರಿನಲ್ಲಿ ಟೈಮೆಕ್ಸ್ ಗಡಿಯಾರದ ಕಾರ್ಖಾನೆ ಇತ್ತು. 1982ರಲ್ಲಿ ಬ್ರಿಟನ್ನಿನ ಮನೆಮನೆಗೆ ಕಂಪ್ಯೂಟರು ತಂದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಯಂತ್ರ ತಯಾರಾದದ್ದು ಅಲ್ಲಿಯೇ. ಊರಿನ ಹುಡುಗರಿಗೆ ಆ ಯಂತ್ರ ಸುಲಭವಾಗಿ ಕೈಗೆ ಸಿಕ್ಕಿತು, ಕಂಪ್ಯೂಟರ್ ಕ್ಲಬ್ಬು ಹುಟ್ಟಿತು. ಟೈಮೆಕ್ಸಿನಲ್ಲಿ ಕೆಲಸಕ್ಕಿದ್ದ ಡೇವಿಡ್ ಜೋನ್ಸ್ ಕೆಲಸ ಬಿಟ್ಟಾಗ ಬಂದ ಪರಿಹಾರದ ಹಣದಲ್ಲಿ ಅಮಿಗಾ ಕಂಪ್ಯೂಟರು ಕೊಂಡು, ಕ್ಲಬ್ಬಿನ ಗೆಳೆಯರನ್ನು ಸೇರಿಸಿಕೊಂಡು ಡಿಎಂಎ ಡಿಸೈನ್ ಎಂಬ ಕಂಪನಿ ಕಟ್ಟಿದರು. ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕದೊಳಗೆ ಮನುಷ್ಯನನ್ನು ನಡೆಸಬಹುದೇ ಎಂದು ಅಲ್ಲಿನ ಮೈಕ್ ಡೇಲಿ ಬಿಡುವಿನಲ್ಲಿ ಮಾಡಿದ ಚಿತ್ರ ಬೆಳೆದು 1991ರಲ್ಲಿ 'ಲೆಮ್ಮಿಂಗ್ಸ್' ಆಟವಾಯಿತು. 1997ರಲ್ಲಿ ಇದೇ ಕಂಪನಿ ಮೊದಲ 'ಗ್ರ್ಯಾಂಡ್ ಥೆಫ್ಟ್ ಆಟೋ' ತಂದಿತು. ಅದೇ ವರ್ಷ ಅಬರ್ಟೇಯಲ್ಲಿ ಕಂಪ್ಯೂಟರ್ ಗೇಮಿನ ಪದವಿ ಕೋರ್ಸು ಶುರುವಾಯಿತು. ಜಗತ್ತಿನಲ್ಲೇ ಮೊದಲನೆಯದು ಎಂದು ಅದಕ್ಕೆ ಹೆಸರಿದೆ. ಊರಿನ ಒಂದು ಪಾರ್ಕಿನಲ್ಲಿ ಇಟ್ಟಿಗೆ ಕಂಬದ ಮೇಲೆ ಪುಟ್ಟ ಲೆಮ್ಮಿಂಗ್ ಪ್ರತಿಮೆಗಳಿವೆ. ರಾಜರದ್ದೋ ಸೇನಾಪತಿಗಳದ್ದೋ ಪ್ರತಿಮೆ ಇರಬೇಕಾದ ಕಡೆ ಗೇಮಿನ ಪಾತ್ರಗಳನ್ನು ನಿಲ್ಲಿಸಿದ ಊರಿಗೆ ಬಂದಿದ್ದೇನೆ ಎಂಬುದೇ ಮೊದಲ ವಾರದಲ್ಲಿ ನನಗೆ ಧೈರ್ಯ ಕೊಟ್ಟಿತು.

ಕೋರ್ಸಿನಲ್ಲಿ ಪಾಠ ಕೇಳಿ ಪರೀಕ್ಷೆ ಬರೆಯುವ ಕ್ರಮ ಬಹಳ ಕಡಿಮೆ. ಪ್ರೋಗ್ರಾಮರ್‌ಗಳು, ಚಿತ್ರ ಬಿಡಿಸುವವರು, ಶಬ್ದ ಸಂಯೋಜಿಸುವವರು, ವೇಳಾಪಟ್ಟಿ ನೋಡಿಕೊಳ್ಳುವ ಪ್ರೊಡ್ಯೂಸರ್, ನನ್ನಂಥ ಡಿಸೈನರ್‌ಗಳು, ಎಲ್ಲರನ್ನೂ ಬೆರೆಸಿ ತಂಡ ಮಾಡುತ್ತಿದ್ದರು. ಕೊಟ್ಟ ಗಡುವಿನೊಳಗೆ ಬಿಲ್ಡ್, ಅಂದರೆ ಗೇಮಿನ ಆಡುವಂಥ ಆವೃತ್ತಿ, ಮೇಜಿನ ಮೇಲಿರಬೇಕು. ನಮ್ಮ ತಂಡದಲ್ಲಿ ಗ್ರೀಸಿನ ಪ್ರೋಗ್ರಾಮರ್ ಗೆಳತಿ, ಚೀನಾದ ಚಿತ್ರಕಾರ, ಗ್ಲಾಸ್ಗೋದ ಶಬ್ದದ ಹುಡುಗ ಇದ್ದರು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತದೆ. ಲ್ಯಾಬಿನ ದೀಪದಡಿ ಹಗಲು ರಾತ್ರಿಗಳ ಲೆಕ್ಕ ತಪ್ಪಿ, ಒಬ್ಬರು ತಂದ ಅನ್ನವನ್ನು ಇನ್ನೊಬ್ಬರು ಹಂಚಿಕೊಂಡು ಕೆಲಸ ಮಾಡಿದ ಕಾಲ ಅದು.

ಮೊದಲ ಅಸೈನ್‌ಮೆಂಟಿಗೆ ಕಂಪ್ಯೂಟರು ಮುಟ್ಟುವಂತಿರಲಿಲ್ಲ. ನಿಮ್ಮ ಊರಿನ ಯಾವುದಾದರೂ ಆಟವನ್ನು ಕಾಗದ, ರಟ್ಟು, ಬಟನ್ನುಗಳಲ್ಲಿ ಮಾಡಿ ತನ್ನಿ. ಬಾಯಿಬಿಡದೆ ಅದನ್ನು ಇನ್ನೊಬ್ಬರಿಗೆ ಕಲಿಸಿ ಎಂದರು. ನಾನು ಚೆನ್ನೆಮಣೆ ಮಾಡಿದೆ. ಮೈಸೂರು ಕಡೆಯವರು ಅಳಿಗುಳಿ ಮಣೆ ಎನ್ನುವ ಆಟ. ಮಂಜೊಟ್ಟಿ ಬೀಜ ಎಲ್ಲಿಂದ ತರುವುದು? ಅಂಗಡಿಯಲ್ಲಿ ಒಣಗಿದ ಬಟಾಣಿ ಕೊಂಡೆ. ಮೊಟ್ಟೆಯಿಡುವ ರಟ್ಟಿನ ಟ್ರೇಗಳನ್ನು ಕತ್ತರಿಸಿ ಏಳೇಳು ಗುಳಿಗಳ ಎರಡು ಸಾಲು ಜೋಡಿಸಿದೆ. ಗುಳಿಗೆ ನಾಲ್ಕರಂತೆ 56 ಕಾಳು.

ಎದುರಿಗೆ ಕೂತವಳು ಗ್ರೀಸಿನ ಗೆಳತಿ. ನಾನೊಂದು ಗುಳಿಯ ಕಾಳುಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋದೆ. ಕೈ ಬರಿದಾದ ಮೇಲೆ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಮುಂದುವರಿಸಿದೆ. ಮುಂದಿನ ಗುಳಿ ಖಾಲಿ ಸಿಕ್ಕಾಗ ನಿಂತು, ಅದರ ಆಚೆಯ ಗುಳಿಯಲ್ಲಿದ್ದದ್ದನ್ನೆಲ್ಲ ನನ್ನ ಕಡೆ ಎಳೆದುಕೊಂಡೆ. ಅವಳು ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಅವಳ ಸರದಿಯಲ್ಲಿ ಹಾಕುತ್ತಾ ಹೋದಳು, ಖಾಲಿ ಗುಳಿ ಬಂದಾಗ ಕೈ ನಿಂತಿತು, ನನ್ನ ಮುಖ ನೋಡಿದಳು. ಹೌದೆನ್ನಲೂ ಅಲ್ಲವೆನ್ನಲೂ ನನಗೆ ಅಪ್ಪಣೆಯಿಲ್ಲ. ತಾನಾಗಿಯೇ ಆಚೆಯ ಗುಳಿಗೆ ಕೈಹಾಕಿ ಕಾಳು ಬಾಚಿಕೊಂಡಾಗ ಅವಳ ಮುಖದಲ್ಲಿ ಬೆಳಕು ಮೂಡಿತು. ಆಮೇಲಿನ ಆಟಗಳಲ್ಲಿ ಅವಳು ಹಾಕುವ ಮೊದಲೇ ಬೆರಳು ಗಾಳಿಯಲ್ಲಿ ಆಡಿಸಿ ಕಾಳು ಎಲ್ಲಿ ಮುಗಿಯುತ್ತದೆಂದು ಎಣಿಸತೊಡಗಿದಳು. ಹಾಗೆ ಮುಂಚೆಯೇ ಎಣಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ನಿಯಮಗಳು ಇರುವುದು ಕಾಳು ಹಾಕುವುದರ ಬಗ್ಗೆ ಮಾತ್ರ. ಎಣಿಕೆ, ಆತಂಕ, ಎದುರಾಳಿಯ ಸಾಲಿನ ಮೇಲೆ ಇಟ್ಟ ಕಣ್ಣು, ಇವೆಲ್ಲ ಆಡುವವರೊಳಗೆ ಹುಟ್ಟಿದವು. ಆಟಿ ತಿಂಗಳ ಮಳೆಯಲ್ಲಿ ಜಗಲಿ ಮೇಲೆ ಕೂತು ನೂರಾರು ಸಲ ಆಡಿದ ಆಟದಲ್ಲಿ ಇಷ್ಟು ಇದೆ ಎಂದು ನನಗೆ ಕಂಡದ್ದು ಅವಳು ಕಲಿಯುವುದನ್ನು ನೋಡಿದಾಗ.

ಮುಂದಿನ ವಾರ ತರಗತಿಯಲ್ಲಿ ಇದಕ್ಕೊಂದು ಸಿದ್ಧಾಂತ ಸಿಕ್ಕಿತು. ರಾಬಿನ್ ಹುನಿಕೆ, ಮಾರ್ಕ್ ಲೆಬ್ಲಾಂಕ್, ರಾಬರ್ಟ್ ಜುಬೆಕ್ 2004ರಲ್ಲಿ ಪ್ರಕಟಿಸಿದ ಪ್ರಬಂಧ ಆಟವನ್ನು ಮೂರು ಪದರವಾಗಿ ನೋಡುತ್ತದೆ. ಮೊದಲು ನಿಯಮಗಳು. ಆ ನಿಯಮಗಳಿಂದ ಆಡುವಾಗ ಹುಟ್ಟುವ ನಡವಳಿಕೆ ಎರಡನೆಯದು. ನಡವಳಿಕೆಯಿಂದ ಮನಸ್ಸಿಗೆ ಬರುವ ಭಾವ ಮೂರನೆಯದು. ಮಾಡುವವರ ಕೈಗೆ ಸಿಗುವುದು ಮೊದಲ ಪದರ ಮಾತ್ರ. ಆಡುವವರಿಗೆ ಮೊದಲು ತಟ್ಟುವುದು ಕೊನೆಯ ಪದರ. ಕತೆಗಾರರು ದುಃಖದ ಸಾಲು ಬರೆಯಬಲ್ಲರು, ಗೇಮ್ ಡಿಸೈನರ್ ದುಃಖವನ್ನು ನೇರವಾಗಿ ಬರೆಯಲಾರರು. ನಿಯಮ ಬರೆದು, ಅದರಿಂದ ಏನು ಹುಟ್ಟುತ್ತದೆಂದು ಕಾದು ನೋಡಬೇಕು. ಇಂದು ಮೊನಾಪಲಿ ಎಂದು ಮನೆಮಾತಾಗಿರುವ ಆಟದ ಮೂಲ, ಲಿಜ್ಜಿ ಮೇಗಿ ಎಂಬಾಕೆ 1904ರಲ್ಲಿ ಪೇಟೆಂಟ್ ಪಡೆದ 'ದಿ ಲ್ಯಾಂಡ್‌ಲಾರ್ಡ್ಸ್ ಗೇಮ್'. ಜಮೀನುದಾರಿಕೆ ಸಮಾಜಕ್ಕೆ ಏನು ಮಾಡುತ್ತದೆಂದು ತೋರಿಸಲು ಆಕೆ ಅದನ್ನು ಕಟ್ಟಿದ್ದರು. ಒಬ್ಬರು ಉಳಿದವರನ್ನು ಬರಿಗೈ ಮಾಡಿ ಗೆಲ್ಲುವ ನಿಯಮ ಒಂದು, ಸಂಪತ್ತು ಎಲ್ಲರಿಗೂ ಹಂಚಿಹೋಗುವ ನಿಯಮ ಇನ್ನೊಂದು. ಮಣೆ ಒಂದೇ. ನಿಯಮ ಬದಲಾದರೆ ಆಡುವವರ ಸ್ವಭಾವವೇ ಬದಲಾದಂತೆ ಕಾಣುತ್ತದೆ.

ಕಂಪ್ಯೂಟರಿಗೆ ಬಂದಾಗ ಈ ನಿಯಮಗಳು ಎಷ್ಟು ಸೂಕ್ಷ್ಮವಾಗಬಲ್ಲವು ಎಂದು ತಿಳಿದದ್ದು ಒಂದು ನೆಗೆತದಿಂದ. ಪಾತ್ರ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರಬೇಕು, ಅಷ್ಟೇ. ಗೇಮು ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತಿದ್ದರೆ ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡು. ಲೆಕ್ಕದ ಪ್ರಕಾರ ಪಾತ್ರದ ಕಾಲು ಅಂಚು ದಾಟಿದ ಮರುಕ್ಷಣ ನೆಗೆಯಲು ಬರಬಾರದು. ಹಾಗೆ ಮಾಡಿದರೆ ಆಡುವವರು ಕೆಳಗೆ ಬಿದ್ದು, "ನಾನು ಒತ್ತಿದ್ದೆ, ಗೇಮಿಗೆ ಕೇಳಿಸಲಿಲ್ಲ" ಎನ್ನುತ್ತಾರೆ. ಅವರ ಕಣ್ಣು, ಮನಸ್ಸು, ಬೆರಳು ಮೂರೂ ಸರಿಯಾಗಿಯೇ ಕೆಲಸ ಮಾಡಿರುತ್ತವೆ. ಒತ್ತುವಷ್ಟರಲ್ಲಿ ಕೆಲವು ಫ್ರೇಮು ದಾಟಿರುತ್ತದೆ. ಆದ್ದರಿಂದ ಅಂಚು ದಾಟಿದ ಮೇಲೂ ಕೆಲವು ಫ್ರೇಮುಗಳ ತನಕ ನೆಗೆತಕ್ಕೆ ಅವಕಾಶ ಕೊಡುತ್ತಾರೆ. ಕಾರ್ಟೂನಿನಲ್ಲಿ ಬಂಡೆ ಮುಗಿದ ಮೇಲೂ ಗಾಳಿಯಲ್ಲಿ ಓಡುವ ಕಯೋಟಿಯ ನೆನಪಿಗೆ ಇದನ್ನು ಕಯೋಟಿ ಟೈಮ್ ಎನ್ನುತ್ತಾರೆ. 2018ರಲ್ಲಿ ಬಂದು ಎಲ್ಲರ ಮೆಚ್ಚುಗೆ ಗಳಿಸಿದ 'ಸೆಲೆಸ್ಟ್' ಗೇಮಿನಲ್ಲೂ ಇದಿದೆ. ನಾವು ಎರಡು ಫ್ರೇಮು ಕೊಟ್ಟೆವು, ಬಿಗಿಯಾಯಿತು. ಹತ್ತು ಕೊಟ್ಟಾಗ ಪಾತ್ರಕ್ಕೆ ತೂಕವೇ ಇಲ್ಲವೆನಿಸಿತು. ದೋಸೆ ಹಿಟ್ಟಿನ ಹದದಂತೆ ಅದು ಕೈಗೆ ತಿಳಿಯುವ ವಿಷಯ. ಆರಕ್ಕೆ ನಿಲ್ಲಿಸಿದೆವು. ಸೆಕೆಂಡಿನ ಹತ್ತನೇ ಒಂದು ಭಾಗ. ಆಡಿದ ಯಾರೂ ಅದನ್ನು ಗಮನಿಸಲಿಲ್ಲ, "ಈಗ ಚೆನ್ನಾಗಿ ಹಾರ್ತದೆ" ಎಂದರು. ಇಂಥ ಕಣ್ಣಿಗೆ ಕಾಣದ ಔದಾರ್ಯ ಒಳ್ಳೆಯ ಗೇಮುಗಳ ತುಂಬ ಇರುತ್ತದೆ ಎಂದು ತಿಳಿದ ಮೇಲೆ ನಾನು ಆಡುವ ರೀತಿಯೇ ಬದಲಾಯಿತು.

ವರ್ಷದ ದೊಡ್ಡ ಕೆಲಸ ಎರಡನೇ ಅವಧಿಯಲ್ಲಿ ಬಂತು. ಊರಿನ ಸೆಣಬು ಗಿರಣಿಗಳ ಬದುಕನ್ನು ಮನೆಮಂದಿಯೆಲ್ಲ ಕೂತು ಆಡಿ ತಿಳಿಯುವಂಥ ಪುಟ್ಟ ಗೇಮು ಮಾಡಬೇಕಿತ್ತು. ವಿಷಯ ತಿಳಿಯಲು ವರ್ಡಂಟ್ ವರ್ಕ್ಸ್ ಎಂಬ ಹಳೆಯ ಗಿರಣಿಗೆ ಹೋದೆವು. ಈಗ ಅದು ಸೆಣಬಿನ ವಸ್ತುಸಂಗ್ರಹಾಲಯ. ಒಳಗೆ ಕಾಲಿಟ್ಟಾಗ ಬಂದದ್ದು ನಮ್ಮ ಅಡಿಕೆ ಗೋದಾಮಿನ ವಾಸನೆ, ಹೊಸ ಗೋಣಿಯ ವಾಸನೆ. ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿತ್ತು. ಗಡಸು ಸೆಣಬನ್ನು ಮೆದುಮಾಡಲು ತಿಮಿಂಗಿಲದ ಎಣ್ಣೆ ಒದಗಿದ್ದೂ ಆ ಉದ್ಯಮ ಅಲ್ಲಿ ಬೇರೂರಲು ಒಂದು ಕಾರಣ. ಅಲ್ಲಿಯ ದುಡಿಮೆಗಾರರಲ್ಲಿ ಹೆಚ್ಚಿನವರು ಹೆಂಗಸರು. ಗಂಡಸರು ಕೆಲಸವಿಲ್ಲದೆ ಮನೆಯಲ್ಲಿದ್ದು ಚಹಾಕ್ಕೆ ನೀರಿಡುವವರೆಂದು ಅವರಿಗೆ 'ಕೆಟಲ್ ಬಾಯ್ಲರ್' ಎಂಬ ಅಡ್ಡಹೆಸರೂ ಇತ್ತು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸದ ಕಾರಣ ಹೆಂಗಸರು ತುಟಿ ನೋಡಿ, ಕೈಸನ್ನೆ ಮಾಡಿ ಮಾತಾಡುತ್ತಿದ್ದರು. ಅಂದು ರಾತ್ರಿ ಅಪ್ಪನಿಗೆ ಗೋಣಿಯ ಫೋಟೋ ಕಳಿಸಿದೆ. ಕೂಡಲೇ ಫೋನು ಬಂತು. ನೇಯ್ಗೆ ಹೇಗುಂಟು, ದಪ್ಪ ಎಷ್ಟು, ಒಂದು ಗೋಣಿಗೆ ಎಷ್ಟು ಹಿಡಿಯುತ್ತಿತ್ತು ಎಂದು ಕೇಳಿದ್ದೇ ಕೇಳಿದ್ದು. ನನ್ನ ಓದಿನ ಬಗ್ಗೆ ಅವರು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ನಮ್ಮ ಗೇಮಿನಲ್ಲಿ ಆಡುವವರು ನೂಲುವ ಯಂತ್ರದ ಮುಂದೆ ನಿಲ್ಲುತ್ತಾರೆ. ನೂಲು ಹರಿಯುತ್ತದೆ, ಓಡಿಹೋಗಿ ಗಂಟು ಹಾಕಬೇಕು. ತುಂಬಿದ ಬಾಬಿನ್ನುಗಳ ಲೆಕ್ಕದಂತೆ ಅಂಕ. ಹೊತ್ತು ಹೋದಂತೆ ವೇಗ ಏರುತ್ತದೆ. ಅಕ್ಕಪಕ್ಕದಲ್ಲಿ ಬೇರೆ ಕೆಲಸದವರೂ ಕಾಣಿಸುತ್ತಾರೆ, ಬರೀ ದೃಶ್ಯಕ್ಕಾಗಿ. ಶಬ್ದದ ಹುಡುಗ ವಸ್ತುಸಂಗ್ರಹಾಲಯದ ಯಂತ್ರಗಳ ಸದ್ದನ್ನೇ ಹಿಡಿದು ತಂದಿದ್ದ. ಬೇರೆಯವರಿಂದ ಆಡಿಸಿ ನೋಡುವ ಪ್ಲೇಟೆಸ್ಟಿಗೆ ಊರಿನ ಹಿರಿಯರನ್ನು ಕರೆದೆವು. ಪ್ಲೇಟೆಸ್ಟಿನ ಕಟ್ಟುನಿಟ್ಟಿನ ಕ್ರಮವೆಂದರೆ ಗೇಮು ಮಾಡಿದವರು ಆಡುವವರ ಹಿಂದೆ ಕೂತು ನೋಡಬೇಕು, ಬರೆದುಕೊಳ್ಳಬೇಕು, ಅವರು ಕೇಳಿದರೂ ಉತ್ತರ ಹೇಳಬಾರದು. ಅಂಗಡಿಯಿಂದ ಗೇಮು ಕೊಂಡು ಮನೆಗೆ ಒಯ್ದವರ ಹಿಂದೆ ಡಿಸೈನರ್ ಕೂತಿರುವುದಿಲ್ಲವಲ್ಲ.

ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬಂದಿದ್ದರು. ಶಾಲೆ ಬಿಟ್ಟು ನೇರ ಗಿರಣಿಗೆ ಸೇರಿದವರು. ಕಂಟ್ರೋಲರು ಹಿಡಿದದ್ದು ಅದೇ ಮೊದಲು. ಹೆಬ್ಬೆರಳು ಎಲ್ಲಿಡಬೇಕೆಂದು ಹುಡುಕಿ, ನಿಧಾನಕ್ಕೆ ಪಾತ್ರವನ್ನು ನಡೆಸಲು ಕಲಿತರು. ತಮ್ಮ ಯಂತ್ರದಲ್ಲಿ ಎರಡು ಗಂಟು ಹಾಕಿದರು. ಆಮೇಲೆ ಯಂತ್ರ ಬಿಟ್ಟು ಪಕ್ಕದ ಹುಡುಗಿಯ ಕಡೆ ಹೋದರು. ಅಲ್ಲಿ ಒತ್ತಲು ಏನೂ ಇರಲಿಲ್ಲ. ಮತ್ತೆ ಮತ್ತೆ ಒತ್ತಿದರು. ಅಷ್ಟರಲ್ಲಿ ಅವರದೇ ಯಂತ್ರದ ನೂಲುಗಳು ಹರಿದು ಅಂಕ ಇಳಿಯುತ್ತಿತ್ತು. ತಿರುಗಿ ನೋಡಲೂ ಇಲ್ಲ. ಕೊನೆಗೆ ಕಂಟ್ರೋಲರನ್ನು ಮಡಿಲಲ್ಲಿಟ್ಟು, ಕೈಗಳೆರಡನ್ನೂ ಎತ್ತಿ ಪರದೆಯೊಳಗಿನ ಆ ಹುಡುಗಿಗೆ ಸನ್ನೆ ಮಾಡಿದರು. ಐವತ್ತು ವರ್ಷದ ಹಿಂದಿನ ಸನ್ನೆ ಆ ಬೆರಳುಗಳಲ್ಲಿ ಹಾಗೇ ಇತ್ತು. ನಮ್ಮಲ್ಲಿ ಯಾರೂ ಉಸಿರೆತ್ತಲಿಲ್ಲ. ಆಟ ಮುಗಿದ ಮೇಲೆ ನಾವು ಕೇಳಿದಾಗ ಅವರು ಅಂದದ್ದಿಷ್ಟು: "ಪಕ್ಕದವಳ ನೂಲು ಹರಿದಿರುವಾಗ ನಾನು ನನ್ನ ಬಾಬಿನ್ನು ಎಣಿಸುತ್ತಾ ನಿಲ್ಲುವುದಾ?"

ಆ ಸಂಜೆ ತಂಡದಲ್ಲಿ ದೊಡ್ಡ ಚರ್ಚೆ ನಡೆಯಿತು. ಪಕ್ಕದವರಿಗೆ ಜೀವ ತುಂಬಬೇಕೆಂದರೆ ಪ್ರೋಗ್ರಾಮಿಂಗ್ ಕೆಲಸ ಬೆಟ್ಟದಷ್ಟು. ಗಡುವು ಮುಂದೆ ಹೋಗದು. ಪ್ರೊಡ್ಯೂಸರ್ ಲೆಕ್ಕ ಹಾಕಿ ಹೇಳಿದ: ಇದು ಬೇಕೆಂದರೆ ನೇಯ್ಗೆ ಶೆಡ್ಡಿನ ಎರಡನೇ ಲೆವೆಲ್ ಬಿಡಬೇಕು. ಆ ಲೆವೆಲ್ಲಿನ ಚಿತ್ರಗಳನ್ನು ವಾರಗಟ್ಟಲೆ ಕೂತು ಬರೆದಿದ್ದ ಚೀನಾದ ಗೆಳೆಯನೇ ಮೊದಲು "ಬಿಡೋಣ" ಎಂದ. ಅವನ ಆ ಒಂದು ಮಾತಿನ ಬೆಲೆ ನನಗೆ ಇವತ್ತೂ ಗೊತ್ತು. ಹೊಸ ನಿಯಮ ಬರೆದೆವು. ಪಕ್ಕದವರಿಗೆ ಗಂಟು ಹಾಕಿಕೊಟ್ಟರೆ ಅಂಕವಿಲ್ಲ, ಬಹುಮಾನವಿಲ್ಲ, ನಿಮ್ಮ ಸಮಯವೂ ಹೋಗುತ್ತದೆ. ಆದರೆ ನಿಮ್ಮ ನೂಲುಗಳು ಒಟ್ಟಿಗೆ ಹರಿದ ಗಳಿಗೆಯಲ್ಲಿ ಅವರು ಓಡಿಬರುತ್ತಾರೆ. ಇದನ್ನು ಗೇಮಿನಲ್ಲಿ ಎಲ್ಲೂ ಬರೆದು ಹೇಳಲಿಲ್ಲ. ಮುಂದಿನ ಪ್ಲೇಟೆಸ್ಟುಗಳಲ್ಲಿ ಶಾಲೆಯ ಮಕ್ಕಳು ಸ್ವಲ್ಪ ಹೊತ್ತಿನಲ್ಲೇ ಪರದೆಯ ಅಂಚಿನತ್ತ ಕಣ್ಣು ಹಾಯಿಸುವುದನ್ನು ಕಂಡೆವು: ಪಕ್ಕದವರು ಹೇಗಿದ್ದಾರೆ?

2019ರ ಏಪ್ರಿಲಿನಲ್ಲಿ, ನದಿದಂಡೆಯಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ವಿ ಆ್ಯಂಡ್ ಎ ವಸ್ತುಸಂಗ್ರಹಾಲಯಕ್ಕೆ ವಿಡಿಯೋ ಗೇಮ್ ವಿನ್ಯಾಸದ ಪ್ರದರ್ಶನ ಲಂಡನ್ನಿನಿಂದ ಬಂತು. 2012ರ 'ಜರ್ನಿ' ಗೇಮು ರೂಪುಗೊಂಡ ಬಗೆಯೂ ಅಲ್ಲಿತ್ತು. ಮರುಭೂಮಿಯಲ್ಲಿ ಇಬ್ಬರು ಅಪರಿಚಿತರು ಭೇಟಿಯಾಗುವ ಆ ಗೇಮಿನಲ್ಲಿ ಮಾತಿಲ್ಲ, ಹೆಸರಿಲ್ಲ. ಅದರ ನಿರ್ದೇಶಕ ಜೆನೋವಾ ಚೆನ್ ಹೇಳಿಕೊಂಡ ಒಂದು ಸಂಗತಿ ನಮ್ಮ ತರಗತಿಯಲ್ಲಿ ಆಗಾಗ ಬರುತ್ತಿತ್ತು. ತಯಾರಿಯ ಹಂತದಲ್ಲಿ ಆಟಗಾರರು ಒಬ್ಬರನ್ನೊಬ್ಬರು ತಳ್ಳಲು ಆಗುತ್ತಿತ್ತು. ಜೊತೆಯಾಗಿ ಬಂಡೆ ಹತ್ತಲಿ ಎಂದು ಇಟ್ಟ ಸೌಲಭ್ಯ ಅದು. ಆಡುವವರು ಅದನ್ನು ಜೊತೆಗಾರನನ್ನು ಹಳ್ಳಕ್ಕೆ ನೂಕಲು ಬಳಸಿದರು. ತಳ್ಳುವುದನ್ನೇ ತೆಗೆದುಹಾಕಿ, ಹತ್ತಿರ ಬಂದರೆ ಇಬ್ಬರಿಗೂ ಹಾರುವ ಶಕ್ತಿ ಬರುವಂತೆ ಮಾಡಿದ ಮೇಲೆ ಅದೇ ಜನ ಒಬ್ಬರಿಗೊಬ್ಬರು ಕಾದು ನಿಲ್ಲತೊಡಗಿದರು. ಪ್ರದರ್ಶನದ ಗಾಜಿನ ಮುಂದೆ ನಿಂತಾಗ ನನಗೆ ಗಿರಣಿಯ ಅಜ್ಜಿ ನೆನಪಾದರು. ಜರ್ನಿಯ ತಂಡ ಆಡುವವರೊಳಗಿನ ಕರುಣೆಗೆ ದಾರಿ ಮಾಡಿಕೊಟ್ಟಿತ್ತು. ನಮ್ಮ ಗೇಮಿಗೆ ಆ ದಾರಿಯನ್ನು ಆಡುವವರೇ ತೋರಿಸಿದ್ದರು.

ಕೋರ್ಸಿನ ಪ್ರಬಂಧಕ್ಕಾಗಿ ಓದುವಾಗ ನಮ್ಮ ನೆಲದವರೇ ಆದ ದೊಡ್ಡ ಆಟದ ವಿನ್ಯಾಸಕಾರರೊಬ್ಬರು ಎದುರಾದರು: ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರಗಳಿವೆ. ಗಂಜೀಫಾ ಎಂಬ ಇಸ್ಪೀಟೆಲೆಗಳನ್ನು ನೂರಾರು ಎಲೆಗಳ ಆಟಗಳಾಗಿ ಬೆಳೆಸಿದವರು ಅವರು, ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಸುತ್ತಿಬರುವ ಸಮಸ್ಯೆಗೆ ಉತ್ತರ ಕಟ್ಟಿದವರು. ಆಟ ಕಟ್ಟುವುದು ವಿದ್ವತ್ತಿನ ಕೆಲಸವೆಂದು ಮೈಸೂರಿನ ಅರಮನೆ ಹತ್ತೊಂಬತ್ತನೇ ಶತಮಾನದಲ್ಲೇ ಒಪ್ಪಿತ್ತು. ಇದನ್ನು ನಾನು ಸ್ಕಾಟ್ಲೆಂಡಿನ ಲೈಬ್ರರಿಯಲ್ಲಿ ಕೂತು ಓದಿ ತಿಳಿಯಬೇಕಾಯಿತು ಎಂಬುದು ನಮ್ಮ ಶಾಲಾ ಪಠ್ಯಗಳ ಬಗ್ಗೆ ನನಗಿರುವ ನಿಜವಾದ ಸಂಕಟ.

ಈಗ ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಗೇಮ್ ಡಿಸೈನರ್ ಆಗಿದ್ದೇನೆ. ಈ ಓದಿನ ಬಗ್ಗೆ ಕೇಳಲು ಎಷ್ಟೋ ಮಕ್ಕಳ ತಂದೆತಾಯಿಗಳು ಫೋನು ಮಾಡುತ್ತಾರೆ. ಮಗಳು ಗೇಮ್ ಡಿಸೈನ್ ಓದುತ್ತೇನೆನ್ನುತ್ತಾಳೆ, ಕೆಲಸ ಸಿಗುತ್ತದೆಯೇ? ಇದು ಆ ರಮ್ಮಿ ಆ್ಯಪುಗಳ ಹಾಗೆಯೇ? ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ತಂದು ನಿಷೇಧಿಸಿದೆ, ಅದೂ ಇದೂ ಒಂದಲ್ಲ ಎಂದು ಮೊದಲು ಹೇಳುತ್ತೇನೆ. ವಿದೇಶಕ್ಕೇ ಹೋಗಬೇಕಾಗಿಲ್ಲ, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ಸಿನಲ್ಲೇ ಡಿಜಿಟಲ್ ಗೇಮ್ ಡಿಸೈನಿನ ಸ್ನಾತಕೋತ್ತರ ಕೋರ್ಸಿದೆ. ಕೆಲಸ ಸಿಗುತ್ತದೆ, ಆದರೆ ಪೈಪೋಟಿ ಜೋರು, ಗಡುವಿನ ದಿನಗಳಲ್ಲಿ ನಿದ್ದೆ ಕೆಡುತ್ತದೆ, ಸ್ಟುಡಿಯೋಗಳು ಮುಚ್ಚುವುದೂ ಉಂಟು. ಇವನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಆ ಹುಡುಗಿಗೇ ಫೋನು ಕೊಡಲು ಹೇಳುತ್ತೇನೆ. ಸಾಫ್ಟ್‌ವೇರ್ ಕಲಿಯುವುದು ಆಮೇಲಿರಲಿ, ಈ ವಾರ ಕಾಗದದಲ್ಲಿ ಒಂದು ಆಟ ಮಾಡು, ನಿನ್ನ ಅಜ್ಜಿಯ ಮುಂದಿಡು, ಬಾಯಿ ಮುಚ್ಚಿ ಅವರ ಕೈ ನೋಡುತ್ತಾ ಕೂತುಕೋ ಎನ್ನುತ್ತೇನೆ. ಮಾಡಿದ್ದನ್ನು ತಕೊಳ್ಳುವವರು ಯಾರೆಂದು ಅಪ್ಪ ಕೇಳಿದ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಅದರಲ್ಲಿದೆ.

ನಮ್ಮ ಮಕ್ಕಳು ಮೊಬೈಲಿನಲ್ಲಿ ಕಳೆಯುವ ಗಂಟೆಗಳನ್ನು ಯಾರೋ ದೂರದಲ್ಲಿ ಕೂತು ಬರೆದ ನಿಯಮಗಳು ಆಳುತ್ತಿವೆ. ದಿನ ತಪ್ಪಿದರೆ ನಷ್ಟ, ದುಡ್ಡು ಕೊಟ್ಟರೆ ಮುಂದೆ, ಪಕ್ಕದವನನ್ನು ಕೆಡವಿದರೆ ಬಹುಮಾನ ಎನ್ನುವ ನಿಯಮಗಳು ಅಲ್ಲಿ ಬೇಕಾದಷ್ಟಿವೆ. ಪಕ್ಕದವರ ನೂಲಿಗೆ ಗಂಟು ಹಾಕಲು ಜಾಗವಿರುವ ಆಟಗಳೂ ಬೇಕು, ಅವು ಕನ್ನಡದಲ್ಲೂ ಬೇಕು. ಅವನ್ನು ಕಟ್ಟಲು ಕಲಿಯುವ ಮಕ್ಕಳನ್ನು ಡಾಕ್ಟರಿಕೆಗೋ ಎಂಜಿನಿಯರಿಂಗಿಗೋ ಕಳಿಸುವಷ್ಟೇ ನಂಬಿಕೆಯಿಂದ ನಾವು ಈ ಓದಿಗೂ ಕಳಿಸಬೇಕು.